ಊರನ್ನು ಅಳೆಯುವ ತಂತ್ರಾಂಶ ಮುಚ್ಚಿದ ಪೆಟ್ಟಿಗೆಯಾಗಿರಬಹುದೆ?

1928ರಲ್ಲಿ ಸಿ. ವಿ. ರಾಮನ್ ಅವರು ಬೆಳಕಿನ ಚದರಿಕೆಯಲ್ಲಿ ತಾವು ಕಂಡ ಹೊಸ ಸಂಗತಿಯನ್ನು ಲೋಕಕ್ಕೆ ತಿಳಿಸಿದಾಗ, ಲೋಕವು ಅದನ್ನು ಕೇವಲ ಅವರ ಮಾತಿನ ಮೇಲಿನ ಗೌರವದಿಂದ ಒಪ್ಪಿಕೊಳ್ಳಲಿಲ್ಲ. ಬಳಸಿದ ಬೆಳಕು ಯಾವುದು, ದ್ರವ ಯಾವುದು, ರೋಹಿತವನ್ನು ಹಿಡಿದ ಬಗೆ ಯಾವುದು ಎಂಬುದನ್ನೆಲ್ಲ ಅವರು ತಿಳಿಸಿದ್ದರು. ಅದೇ ವರ್ಷ ಜರ್ಮನಿಯಲ್ಲಿ ಪ್ರಿಂಗ್ಸ್‌ಹೈಮ್ ಎಂಬ ವಿಜ್ಞಾನಿ ಆ ಪ್ರಯೋಗವನ್ನು ತಾವೇ ಮಾಡಿ ನೋಡಿ, ಸಂಗತಿ ನಿಜವೆಂದು ಕಂಡು, ಅದನ್ನು ರಾಮನ್ನರ ಹೆಸರಿನಿಂದಲೇ ಕರೆದು ಬರೆದರು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಉಪಕರಣವನ್ನು ಬಚ್ಚಿಟ್ಟುಕೊಂಡು ಫಲಿತಾಂಶವನ್ನು ಮಾತ್ರ ತೋರಿಸುವವನನ್ನು ನಾವು ವಿಜ್ಞಾನಿಯೆನ್ನುವುದಿಲ್ಲ, ಜಾತ್ರೆಯ ಇಂದ್ರಜಾಲಿಗನೆನ್ನುತ್ತೇವೆ.

ಆದರೆ ಇಂದು ಉಪಕರಣದ ಸ್ವರೂಪವೇ ಬೇರೆಯಾಗಿದೆ. ಗಾಜು ಹಿತ್ತಾಳೆಗಳ ಸ್ಥಾನದಲ್ಲಿ ಅನೇಕ ಶಾಸ್ತ್ರಗಳಲ್ಲಿ ತಂತ್ರಾಂಶವು ಬಂದು ಕುಳಿತಿದೆ. ತಂತ್ರಾಂಶವೆಂದರೆ ಗಣಕಕ್ಕೆ ಮನುಷ್ಯನು ಬರೆದುಕೊಟ್ಟ ಆಜ್ಞೆಗಳ ಮಾಲೆ. ಬರೆದವನ ಕೈಯಲ್ಲಿರುವಾಗ ಅದು ಓದಬಹುದಾದ ಬರಹ; ಅದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಆಕರ ಸಂಕೇತವೆಂದು ಕೆಲವರು ಅದನ್ನು ಕನ್ನಡಿಸಿದ್ದಾರೆ. ನಮ್ಮ ಕಿವಿಗೆ ಆ ಮಾತು ಗೂಢಲಿಪಿಯಂತೆ ಕೇಳುವುದರಿಂದ ನಾವು ಮೂಲಲೇಖವೆಂದೇ ಕರೆಯುತ್ತೇವೆ. ಬಳಸುವವನಿಗೆ ಸಾಮಾನ್ಯವಾಗಿ ದೊರೆಯುವುದು ಈ ಮೂಲಲೇಖವಲ್ಲ. ಯಂತ್ರಕ್ಕೆ ಮಾತ್ರ ತಿಳಿಯುವ ಅದರ ರೂಪಾಂತರ. ಅಂಕಿಗಳನ್ನು ಒಳಗೆ ಹಾಕಿದರೆ ಉತ್ತರ ಹೊರಗೆ ಬರುವುದು. ನಡುವೆ ಏನು ನಡೆಯಿತೆಂಬುದು ಕಾಣದು. ನಗರಗಳ ಅಧ್ಯಯನಕ್ಕಾಗಿ ವಿಶ್ವವಿದ್ಯಾನಿಲಯಗಳಲ್ಲಿ ರಚಿತವಾಗುವ ವಿಶೇಷ ತಂತ್ರಾಂಶಗಳ ಮೂಲಲೇಖವನ್ನು ಎಲ್ಲರೆದುರು ಬಿಚ್ಚಿಡುವುದು ಔದಾರ್ಯದ ಮಾತಲ್ಲ, ಶಾಸ್ತ್ರಧರ್ಮದ ಮಾತು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಲಂಡನ್ನಿನ ನಿದರ್ಶನವೊಂದನ್ನು ಕೊಡುತ್ತೇವೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬಿಲ್ ಹಿಲಿಯರ್ ಎಂಬ ವಿದ್ವಾಂಸರು 1970ರ ದಶಕದಿಂದಲೇ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ಕೆಲವು ಬೀದಿಗಳಲ್ಲಿ ಜನಸಂದಣಿಯಿರುವುದು, ಕೆಲವು ಬಿಕೋ ಎನ್ನುವುದು ಏತಕ್ಕೆ? ಅಂಗಡಿಗಳಿರುವುದರಿಂದ ಜನ ಬರುತ್ತಾರೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಂಗಡಿಯವನು ಆ ಬೀದಿಯನ್ನೇ ಆರಿಸಿಕೊಂಡುದು ಏಕೆ ಎಂದು ಕೇಳಿದರೆ ಉತ್ತರ ತಡವರಿಸುವುದು. ಬೀದಿಗಳು ಒಂದರೊಡನೊಂದು ಕೂಡಿಕೊಂಡಿರುವ ಬಗೆಯಲ್ಲಿಯೇ ಈ ರಹಸ್ಯದ ದೊಡ್ಡ ಭಾಗವಿದೆಯೆಂಬುದು ಹಿಲಿಯರರ ಮತ. 1984ರಲ್ಲಿ ಅವರೂ ಜೂಲಿಯನ್ ಹ್ಯಾನ್ಸನ್ನರೂ ಕೂಡಿ ಬರೆದ ಗ್ರಂಥದಿಂದ ಈ ಶಾಸ್ತ್ರವು ಸ್ಪೇಸ್ ಸಿಂಟ್ಯಾಕ್ಸ್, ಎಂದರೆ ಸ್ಥಳವಿನ್ಯಾಸದ ವ್ಯಾಕರಣ, ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಲೆಕ್ಕದ ತಿರುಳನ್ನು ಯಾರಾದರೂ ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಕಲ್ಪಿತ ಹಳ್ಳಿಯಲ್ಲಿ ಐದು ಬೀದಿಗಳಿವೆಯೆನ್ನೋಣ. ನಡುವೆ ತೇರುಬೀದಿ. ಪೇಟೆಬೀದಿ, ಅಗಸೆಬೀದಿ, ಕೆರೆಬೀದಿ ಈ ಮೂರೂ ತೇರುಬೀದಿಗೆ ಬಂದು ಕೂಡುತ್ತವೆ. ಕುಂಬಾರಗೇರಿ ಮಾತ್ರ ಕೆರೆಬೀದಿಗೆ ಕೂಡುತ್ತದೆ. ಒಂದು ಬೀದಿಯಿಂದ ಮತ್ತೊಂದಕ್ಕೆ ತಿರುಗಿದರೆ ಒಂದು ಹೆಜ್ಜೆ. ತೇರುಬೀದಿಯಿಂದ ಉಳಿದ ನಾಲ್ಕಕ್ಕೆ ಹೋಗಲು ಕ್ರಮವಾಗಿ 1, 1, 1, 2 ಹೆಜ್ಜೆಗಳು. ಒಟ್ಟು 5, ಸರಾಸರಿ 1.25. ಕುಂಬಾರಗೇರಿಯಿಂದಲಾದರೋ ಕೆರೆಬೀದಿಗೆ 1, ತೇರುಬೀದಿಗೆ 2, ಉಳಿದೆರಡಕ್ಕೆ ಮೂರು ಮೂರು. ಒಟ್ಟು 9, ಸರಾಸರಿ 2.25. ಈ ಸರಾಸರಿಯನ್ನು ಆಳವೆನ್ನುತ್ತಾರೆ. ಆಳ ಕಡಮೆಯಾದ ಬೀದಿ ಊರಿನೊಡನೆ ಹೆಚ್ಚು ಬೆಸೆದುಕೊಂಡಿದೆ. ಅಲ್ಲಿ ಹೆಚ್ಚು ಜನ ಓಡಾಡುವರೆಂದು ನಿರೀಕ್ಷಿಸಬಹುದು. ದೂರವನ್ನು ಮಾರುಗಟ್ಟಲೆ ಅಳೆಯದೆ ತಿರುವುಗಳಿಂದ ಅಳೆಯುವುದೇ ಇದರ ವಿಶೇಷ. 1736ರಲ್ಲಿ ಆಯ್ಲರನು ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದುದೂ ಹೀಗೆಯೇ ಉದ್ದಗಲಗಳನ್ನು ಬದಿಗಿಟ್ಟು, ಕೂಡಿಕೆಯೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡು.

ಐದು ಬೀದಿಗಳ ಲೆಕ್ಕಕ್ಕೆ ಬೆರಳುಗಳು ಸಾಕು. ಲಂಡನ್ನಿನಂತಹ ನಗರದ ಸಾವಿರಾರು ಬೀದಿಗಳಿಗೆ ಗಣಕ ಬೇಕು. ಅಲ್ಲಿಯೇ ಅಲಸ್ಡೇರ್ ಟರ್ನರ್ ಎಂಬ ಸಂಶೋಧಕರು 1998ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಗಣಕಕ್ಕಾಗಿ ಒಂದು ಸಣ್ಣ ತಂತ್ರಾಂಶವನ್ನು ಬರೆದರು. ಒಂದು ಬಿಂದುವಿನಲ್ಲಿ ನಿಂತವನಿಗೆ ಸುತ್ತಲೂ ಎಷ್ಟು ಜಾಗ ಕಾಣುವುದೆಂಬುದನ್ನು ಲೆಕ್ಕಹಾಕುವುದು ಮೊದಲಿಗೆ ಅದರ ಕೆಲಸ. ಬರಬರುತ್ತ ಅದು ಬೆಳೆದು, ವಿಂಡೋಸ್ ಗಣಕಗಳಿಗೆ ಬಂದು, ಬೀದಿಗಳ ಲೆಕ್ಕವನ್ನೂ ಒಳಗೊಂಡು, ಡೆಪ್ತ್‌ಮ್ಯಾಪ್ ಎಂಬ ಹೆಸರಿನಿಂದ ಅನೇಕ ದೇಶಗಳ ವಾಸ್ತುಶಿಲ್ಪ ವಿದ್ಯಾಲಯಗಳನ್ನು ಸೇರಿತು. ಹೆಚ್ಚು ಬೆಸೆದ ಬೀದಿಯನ್ನು ಕೆಂಪಿನಿಂದಲೂ ಕಡಮೆ ಬೆಸೆದುದನ್ನು ನೀಲಿಯಿಂದಲೂ ತೋರಿಸುವ ಅದರ ನಕ್ಷೆಗಳು ನೋಡಲು ಬಹು ಚೆನ್ನ. ಚೆನ್ನಾಗಿರುವುದೇ ಅವುಗಳ ಅಪಾಯವೂ ಹೌದು.

ಇದು ಪಂಡಿತರ ಕೋಣೆಯೊಳಗಿನ ವಿನೋದವಾಗಿದ್ದರೆ ಮೂಲಲೇಖದ ಪ್ರಶ್ನೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಆದರೆ ಇಂತಹ ಲೆಕ್ಕಗಳು ಕಲ್ಲಾಗಿ ನಿಲ್ಲುತ್ತವೆ. ಲಂಡನ್ನಿನ ಟ್ರಫಾಲ್ಗರ್ ಚೌಕದ ನಡುಭಾಗಕ್ಕೆ ಊರಿನವರು ಹೆಚ್ಚಾಗಿ ಕಾಲಿಡದೆ ಅಂಚಿನಲ್ಲಿಯೇ ಸುತ್ತಿಕೊಂಡು ಹೋಗುತ್ತಿದ್ದರು. ಅದನ್ನು ಮಾರ್ಪಡಿಸಹೊರಟ ವಾಸ್ತುಶಿಲ್ಪಿಗಳಿಗೆ ಸ್ಪೇಸ್ ಸಿಂಟ್ಯಾಕ್ಸ್ ತಂಡವು ಜನರ ನಡಿಗೆಯನ್ನು ಗಮನಿಸಿ, ಲೆಕ್ಕಹಾಕಿ ಸಲಹೆಯಿತ್ತಿತು. 2003ರಲ್ಲಿ ಉತ್ತರದ ರಸ್ತೆಯಲ್ಲಿ ವಾಹನಗಳು ನಿಂತುವು. ಚಿತ್ರಶಾಲೆಯ ಮುಂದಿನಿಂದ ಚೌಕದ ನಡುವಿಗೆ ಇಳಿಯುವ ಅಗಲವಾದ ಮೆಟ್ಟಲುಗಳು ಬಂದುವು. ಅಲ್ಲಿ ಫಲ ಒಳ್ಳೆಯದಾಯಿತೆಂದೇ ಹೆಚ್ಚಿನವರ ಮಾತು. ಆದರೆ ಅದೇ ಬಗೆಯ ಲೆಕ್ಕದ ಆಧಾರದಿಂದ ಮತ್ತೊಂದು ಊರಿನಲ್ಲಿ ಒಂದು ರಸ್ತೆ ಅಗಲವಾಗಬಹುದು, ಒಂದು ಸಾಲು ಅಂಗಡಿ ಎದ್ದುಹೋಗಬಹುದು. ಅಂಗಡಿಯನ್ನು ಕಳೆದುಕೊಳ್ಳುವವನು, ‘ಈ ಅಂಕಿ ಹೇಗೆ ಬಂತು?’ ಎಂದು ಕೇಳಿದರೆ, ‘ತಂತ್ರಾಂಶ ಹೇಳಿತು’ ಎಂಬುದು ಉತ್ತರವಾಗಲಾರದು.

ಅಂಕಿ ಬಂದ ದಾರಿ ಸರಳವಾಗಿಲ್ಲವೆಂಬುದನ್ನು ನಮ್ಮ ಹಳ್ಳಿಯಲ್ಲಿಯೇ ತೋರಿಸಬಹುದು. ಕುಂಬಾರಗೇರಿಯ ನಡುವೆ ಒಂದು ಸಣ್ಣ ಬಾಗು ಇದೆಯೆನ್ನೋಣ. ನಕ್ಷೆ ಬರೆಯುವವನು ಅದನ್ನು ಒಂದೇ ಗೆರೆಯಾಗಿ ಎಳೆದರೆ ಆಳ 2.25. ಬಾಗಿನಲ್ಲಿ ಮುರಿದು ಎರಡು ಗೆರೆಗಳನ್ನಾಗಿ ಎಳೆದರೋ? ಒಳತುದಿಯ ಗೆರೆಯಿಂದ ಉಳಿದ ಐದಕ್ಕೆ 1, 2, 3, 4, 4 ಹೆಜ್ಜೆಗಳು. ಒಟ್ಟು 14, ಸರಾಸರಿ 2.8. ಊರಿನಲ್ಲಿ ಒಂದು ಕಲ್ಲೂ ಅಲುಗಿಲ್ಲ. ಅಂಕಿ ಮಾತ್ರ ಬದಲಾಗಿದೆ. ಬೀದಿಗಳನ್ನು ಆದಷ್ಟು ಕಡಮೆ ಸಂಖ್ಯೆಯ, ಆದಷ್ಟು ಉದ್ದವಾದ ಗೆರೆಗಳಿಂದ ತುಂಬಬೇಕೆಂಬ ನಿಯಮವೇನೋ ಇದ್ದಿತು. ಬಹುಕಾಲ ಆ ಗೆರೆಗಳನ್ನು ಎಳೆಯುತ್ತಿದ್ದುದು ಕೈಯಿಂದ, ಕಣ್ಣಂದಾಜಿನಿಂದ.

2004ರಲ್ಲಿ ಕಾರ್ಲೊ ರಾಟಿ ಎಂಬ ಸಂಶೋಧಕರು ಇಂತಹ ಅಸಂಗತಿಗಳನ್ನೇ ಎತ್ತಿಹಿಡಿದು ಒಂದು ಪ್ರಬಂಧವನ್ನು ಬರೆದರು. ನಗರದ ಆಕಾರವನ್ನು ಬಹಳ ಸ್ವಲ್ಪ ಬಾಗಿಸಿದರೂ ಗೆರೆಗಳ ನಕ್ಷೆ ಒಮ್ಮೆಗೇ ಬೇರೆಯಾಗಿಬಿಡಬಹುದೆಂದು ತೋರಿಸಿದರು. ಹಿಲಿಯರರೂ ಅವರ ಸಂಗಡಿಗ ಅಲನ್ ಪೆನ್ನರೂ ಅದೇ ವರ್ಷ ಉತ್ತರ ಕೊಟ್ಟರು. ಮರುವರ್ಷವೇ ಟರ್ನರ್, ಪೆನ್, ಹಿಲಿಯರ್ ಮೂವರೂ ಕೂಡಿ, ಗೆರೆಗಳನ್ನು ಮನುಷ್ಯನ ಕಣ್ಣಿಗೆ ಬಿಡದೆ ಗಣಕವೇ ಗೊತ್ತಾದ ಕ್ರಮದಿಂದ ಎಳೆಯುವ ವಿಧಾನವನ್ನು ಪ್ರಕಟಿಸಿದರು. ತಿರುವನ್ನು ಕೋನದಿಂದಲೇ ತೂಗುವ ಮತ್ತೊಂದು ವಿಧಾನವೂ ಬಳಕೆಗೆ ಬಂದಿತು. ಅದರಲ್ಲಿ ಲಂಬಕೋನದ ತಿರುವಿಗೆ 1 ಎಂಬ ಬೆಲೆ. 9 ಅಂಶದ ಬಾಗಿಗೆ ಬರಿಯ 0.1. ಕುಂಬಾರಗೇರಿಯ ಬಾಗು ಆಗ ಅಷ್ಟು ದೊಡ್ಡ ಅವಾಂತರವನ್ನು ಮಾಡಲಾರದು. ಆಕ್ಷೇಪಣೆ, ಉತ್ತರ, ತಿದ್ದುಪಡಿ ಇವುಗಳಿಂದಲೇ ಶಾಸ್ತ್ರ ಬೆಳೆಯುವುದು. ಈ ವಿವಾದದಿಂದ ಸ್ಪೇಸ್ ಸಿಂಟ್ಯಾಕ್ಸಿಗೆ ಅವಮಾನವಾಯಿತೆಂದು ನಾವು ತಿಳಿಯುವುದಿಲ್ಲ. ಅದು ಶಾಸ್ತ್ರವೆನ್ನಿಸಿಕೊಂಡುದೇ ಇದರಿಂದ.

ಆದರೆ ಗಮನಿಸಬೇಕಾದುದೊಂದಿದೆ. ಗೆರೆ ಎಳೆಯುವ ಕೆಲಸವೂ ಗಣಕದೊಳಗೆ ಹೋದ ಮೇಲೆ ಆಕ್ಷೇಪಣೆ ಮಾಡುವವನು ನೋಡಬೇಕಾದುದು ಕಾಗದದ ನಕ್ಷೆಯನ್ನಲ್ಲ, ಮೂಲಲೇಖವನ್ನು. ಡೆಪ್ತ್‌ಮ್ಯಾಪ್ ಉತ್ತರಗಳ ಪಟ್ಟಿಯಲ್ಲಿ ಬೆಸುಗೆಯ ಅಂಕಿಗೆ ಒಂದೇ ಕಂಬಸಾಲಿಲ್ಲ, ಮೂರಿವೆ. ದೊಡ್ಡ ಊರನ್ನೂ ಚಿಕ್ಕ ಊರನ್ನೂ ಹೋಲಿಸಲು ಅಂಕಿಯನ್ನು ಹೇಗೆ ಸಮಗೊಳಿಸಬೇಕೆಂಬುದರಲ್ಲಿ ಮತಭೇದವಿರುವುದೇ ಕಾರಣ. ಕೋನಗಳ ಲೆಕ್ಕದಲ್ಲಿ ವೇಗಕ್ಕಾಗಿ ಕೋನಗಳನ್ನು 1024 ಗೂಡುಗಳವರೆಗೆ ಹಂಚಿ, ಒಂದೊಂದು ಗೂಡಿನಲ್ಲಿರುವ ಕೋನಗಳನ್ನು ಒಂದೇ ಎಂದು ಭಾವಿಸುವ ಏರ್ಪಾಡಿದೆ. ಇದು ತಪ್ಪೆಂದು ನಾವು ಹೇಳುತ್ತಿಲ್ಲ. ವರ್ನಿಯರ್ ಅಳತೆಪಟ್ಟಿಗೂ ತನ್ನದೇ ಆದ ಮಿತಿಯಿದೆ. ಆದರೆ ವರ್ನಿಯರಿನ ಗೀಟುಗಳು ವಿದ್ಯಾರ್ಥಿಯ ಕಣ್ಣಿಗೆ ಕಾಣುತ್ತವೆ. ತಂತ್ರಾಂಶದ ಗೂಡುಗಳು ಅದನ್ನು ಬಿಚ್ಚಿ ನೋಡಿದವನಿಗೆ ಮಾತ್ರ ಕಾಣುತ್ತವೆ. ಬೇರೆ ಬೀದಿಗಳೊಡನೆ ಕೂಡದೆ ಉಳಿದ ಗೆರೆಯನ್ನು ಏನು ಮಾಡಬೇಕು, ನಕ್ಷೆಯ ಅಂಚಿನಲ್ಲಿ ಕತ್ತರಿಸಿಹೋದ ಬೀದಿಯನ್ನು ಹೇಗೆ ಎಣಿಸಬೇಕು ಇತ್ಯಾದಿ ನೂರು ಸಣ್ಣ ತೀರ್ಮಾನಗಳನ್ನು ಬರೆದವನು ಎಲ್ಲಿಯೋ ಒಂದು ಸಾಲಿನಲ್ಲಿ ಮಾಡಿಬಿಟ್ಟಿರುತ್ತಾನೆ. ಪ್ರಬಂಧದಲ್ಲಿ ಅವುಗಳಿಗೆಲ್ಲ ಸ್ಥಳವಿರುವುದಿಲ್ಲ.

ಡೆಪ್ತ್‌ಮ್ಯಾಪನ್ನು ಶೈಕ್ಷಣಿಕ ಬಳಕೆಗೆ ಮೊದಲಿನಿಂದಲೂ ಹಣವಿಲ್ಲದೆ ಕೊಡುತ್ತಿದ್ದರು. ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಮನಗಾಣಬೇಕು. ಪುಕ್ಕಟೆಯಾಗಿ ದೊರೆಯುವುದೇ ಬೇರೆ, ಮುಕ್ತವಾಗಿರುವುದೇ ಬೇರೆ. ಬೀಗ ಹಾಕಿದ ಪೆಟ್ಟಿಗೆಯನ್ನು ದಾನವಾಗಿ ಕೊಟ್ಟರೂ ಬೀಗ ಬೀಗವೇ. 2010ರ ದಶಕದ ಆರಂಭದಲ್ಲಿ ಈ ಬೀಗವನ್ನು ತೆಗೆದರು. ಮೂಲಲೇಖವನ್ನು ಜಿಪಿಎಲ್ ಎಂಬ ಪರವಾನಗಿಯ ಮೇಲೆ ಲೋಕಕ್ಕೆ ಬಿಟ್ಟುಕೊಟ್ಟರು. ರಿಚರ್ಡ್ ಸ್ಟಾಲ್ಮನ್ನರು 1989ರಲ್ಲಿ ಮೊದಲು ರೂಪಿಸಿದ ಈ ಪರವಾನಗಿಯಂತೆ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿದುದನ್ನು ಹಂಚುವವನು ತಾನು ಪಡೆದ ಸ್ವಾತಂತ್ರ್ಯಗಳನ್ನು ಮುಂದಿನವನಿಗೂ ಕೊಡಬೇಕು. ಮೂಲಲೇಖವನ್ನು ಮತ್ತೆ ಬಚ್ಚಿಡಕೂಡದು.

2011ರಲ್ಲಿ ಟರ್ನರರು ಅಕಾಲದಲ್ಲಿ ತೀರಿಕೊಂಡರು. ವಿಶೇಷ ತಂತ್ರಾಂಶಗಳ ಇತಿಹಾಸದಲ್ಲಿ ಇಂತಹ ಗಳಿಗೆಯೇ ಕಠಿನವಾದುದು. ಹತ್ತಾರು ವರ್ಷ ಒಬ್ಬನೇ ಬರೆದು, ಒಬ್ಬನೇ ಬಲ್ಲ ಸಾವಿರಾರು ಸಾಲುಗಳು ಬರೆದವನೊಡನೆಯೇ ಮಣ್ಣಾಗಿಬಿಡುವ ಸಂಭವವುಂಟು. ಆ ತಂತ್ರಾಂಶದಿಂದ ಪಡೆದ ಫಲಿತಾಂಶಗಳೆಲ್ಲ ಆಮೇಲೆ ಪರೀಕ್ಷೆಗೆ ಸಿಗದ ಮಾತುಗಳಾಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಅದೇ ಕಾಲೇಜಿನ ತಾಸೋಸ್ ವರೌಡಿಸ್ ಎಂಬವರು ಮೂಲಲೇಖವನ್ನು ಕೈಗೆತ್ತಿಕೊಂಡು, ವಿಂಡೋಸ್ ಮಾತ್ರವಲ್ಲದೆ ಮ್ಯಾಕ್, ಲಿನಕ್ಸ್ ಗಣಕಗಳಲ್ಲಿಯೂ ನಡೆಯುವಂತೆ ಮಾರ್ಪಡಿಸಿ, 2012ರಲ್ಲಿ ಡೆಪ್ತ್‌ಮ್ಯಾಪ್‌ಎಕ್ಸ್ ಎಂಬ ಹೆಸರಿನಿಂದ ಹೊರತಂದರು. ಅವರ ತರುವಾಯ ಬಂದವರು, ಒಂದು ಕಡೆ ತಿದ್ದಿದರೆ ಮತ್ತೊಂದು ಕಡೆ ಹಳೆಯ ಉತ್ತರ ಕೆಡದೆ ಇದೆಯೆ ಎಂದು ತಾನಾಗಿ ಪರೀಕ್ಷಿಸುವ ಏರ್ಪಾಡುಗಳನ್ನು ಸೇರಿಸಿದರು.

ಇದಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ಕೆಲವರು, ‘ನಮ್ಮ ಮೂಲಲೇಖ ಬಹಳ ಒರಟು, ನಾಲ್ವರಿಗೆ ತೋರಿಸುವಂತಿಲ್ಲ’ ಎನ್ನುತ್ತಾರೆ. 2020ರ ಕೊರೋನಾ ಪಿಡುಗಿನಲ್ಲಿ ಬ್ರಿಟನ್ನಿನ ಸರ್ಕಾರದ ಮೇಲೆ ಪ್ರಭಾವ ಬೀರಿದ ಇಂಪೀರಿಯಲ್ ಕಾಲೇಜಿನ ಲೆಕ್ಕದ ಮೂಲಲೇಖವೂ ಅಂತಹುದೇ ಆಗಿತ್ತು. ಅದನ್ನು ಬರೆದು ಹದಿಮೂರು ವರ್ಷಗಳ ಮೇಲಾಗಿತ್ತು, ವಿವರಣೆಗಳಿರಲಿಲ್ಲ. ಕೊನೆಗೆ ಅದನ್ನು ಓರಣಗೊಳಿಸಿ ಪ್ರಕಟಿಸಲೇಬೇಕಾಯಿತು. ಪಿಡುಗಿನ ನಡುವೆ ಮಾಡುವ ಬದಲು ಮೊದಲೇ ಮಾಡಿದ್ದರೆ ಎಲ್ಲರಿಗೂ ಮೇಲಾಗುತ್ತಿತ್ತು. ಮತ್ತೆ ಕೆಲವರು, ಅರೆತಿಳಿದವರ ಕೈಗೆ ಉಪಕರಣ ಸಿಕ್ಕಿದರೆ ಕೆಂಪು ನೀಲಿ ನಕ್ಷೆಗಳನ್ನು ಬರೆದು ಊರು ಕೆಡಿಸುವರೆಂದು ಹೆದರುತ್ತಾರೆ. ಭಯ ನಿಜ. ಆದರೆ ನಕ್ಷೆ ಬರೆಯುವ ಸಾಮರ್ಥ್ಯವನ್ನು ಮುಚ್ಚಿದ ತಂತ್ರಾಂಶವೂ ಅರೆತಿಳಿದವರಿಗೆ ಕೊಟ್ಟೇ ಕೊಡುತ್ತದೆ. ಅವರ ತಪ್ಪನ್ನು ಹಿಡಿಯುವ ಸಾಮರ್ಥ್ಯವನ್ನು ಮಾತ್ರ ಉಳಿದವರಿಂದ ಕಿತ್ತುಕೊಳ್ಳುತ್ತದೆ.

ತಪ್ಪನ್ನು ಹಿಡಿಯುವವರು ಯಾರು ಎಂದು ಕೇಳುವವರಿಗೆ, ನಗರಶಾಸ್ತ್ರದಿಂದ ಹೊರಗಿನದಾದರೂ, ಒಂದು ಸಂಗತಿಯನ್ನು ಹೇಳಬೇಕು. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸರ್ಕಾರದ ಸಾಲವು ರಾಷ್ಟ್ರದ ಉತ್ಪನ್ನದ ಶೇಕಡಾ 90ನ್ನು ಮೀರಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ಶೇಕಡಾ 0.1ರಷ್ಟು ಇಳಿಮುಖವೆಂದು ಅದು ಸಾರಿತು. ಅನೇಕ ರಾಜಕಾರಣಿಗಳು ಅದನ್ನು ಎತ್ತಿ ಹೇಳಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಲೆಕ್ಕವನ್ನು ಮತ್ತೆ ಮಾಡಲು ಹೋಗಿ, ಉತ್ತರ ಬಾರದೆ, ಗ್ರಂಥಕರ್ತರಿಂದಲೇ ಅವರ ಲೆಕ್ಕದ ಹಾಳೆಯನ್ನು ತರಿಸಿಕೊಂಡನು. ಒಂದು ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದುವು. ಅದನ್ನೂ, ಅಂಕಿಗಳನ್ನು ಆರಿಸಿದ ಮತ್ತು ತೂಗಿದ ಕ್ರಮದಲ್ಲಿದ್ದ ದೋಷಗಳನ್ನೂ ಸರಿಪಡಿಸಿದಾಗ ಬೆಳವಣಿಗೆ ಶೇಕಡಾ 2.2 ಎಂದು ಅವನೂ ಅವನ ಅಧ್ಯಾಪಕರೂ 2013ರಲ್ಲಿ ತೋರಿಸಿದರು. ಲೆಕ್ಕದ ಹಾಳೆಯನ್ನು ಕೊಟ್ಟ ಆ ಇಬ್ಬರು ವಿದ್ವಾಂಸರನ್ನು ನಾವು ಈ ಒಂದು ವಿಷಯದಲ್ಲಿ ಮೆಚ್ಚುತ್ತೇವೆ. ಕೊಡದಿದ್ದರೆ ತಪ್ಪು ಇಂದಿಗೂ ಉಳಿದಿರುತ್ತಿತ್ತೋ ಏನೋ.

ಬಲವಾದ ಆಕ್ಷೇಪಣೆ ಹಣದ್ದು. ತಂತ್ರಾಂಶವನ್ನು ಬಿಚ್ಚಿಟ್ಟ ಮಾತ್ರಕ್ಕೆ ಅದು ತಾನಾಗಿ ಬದುಕುವುದಿಲ್ಲ. ಗಣಕಗಳು ಬದಲಾದಂತೆ ಅದನ್ನೂ ಬದಲಾಯಿಸಬೇಕು, ಕೈಪಿಡಿ ಬರೆಯಬೇಕು, ಪ್ರಶ್ನೆ ಕೇಳುವವರಿಗೆ ಉತ್ತರ ಕೊಡಬೇಕು. ಪ್ರಬಂಧ ಬರೆದವನಿಗೆ ಬಡ್ತಿ ಸಿಕ್ಕುವುದು. ಮತ್ತೊಬ್ಬನ ಮೂಲಲೇಖದ ದೋಷವನ್ನು ತಿದ್ದಿದವನಿಗೆ ವಂದನೆಯೂ ಸಿಕ್ಕುವುದು ಅಪರೂಪ. ಇದಕ್ಕೆ ಸುಲಭವಾದ ಪರಿಹಾರ ನಮಗೆ ತೋರದು. ದೂರದರ್ಶಕಕ್ಕೆ ಹಣ ಕೊಡುವ ಸರ್ಕಾರವು ಅದರ ಮಸೂರವನ್ನು ಒರಸುವವನ ಸಂಬಳವನ್ನೂ ಕೊಡುವಂತೆ, ಸಂಶೋಧನೆಯ ಅನುದಾನದಲ್ಲಿ ತಂತ್ರಾಂಶದ ಪಾಲನೆಗೂ ಒಂದು ಭಾಗವಿರಬೇಕೆಂದು ಮಾತ್ರ ಹೇಳಬಲ್ಲೆವು. ಪಾಲಿಸುವವರು ದೊರೆತ ಕಡೆ ಮುಕ್ತ ತಂತ್ರಾಂಶವು ದೀರ್ಘಾಯುವಾಗಿದೆ. 1982ರಲ್ಲಿ ಅಮೆರಿಕದ ಸೈನ್ಯದ ಇಂಜಿನಿಯರುಗಳ ಪ್ರಯೋಗಶಾಲೆಯಲ್ಲಿ ಹುಟ್ಟಿದ ಗ್ರಾಸ್ ಎಂಬ ಭೂನಕ್ಷೆಗಳ ತಂತ್ರಾಂಶವು 1999ರಿಂದ ಜಿಪಿಎಲ್ ಪರವಾನಗಿಯಲ್ಲಿದ್ದು ಈಗಲೂ ಬೆಳೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರದವರು ನಗರದ ಹಬ್ಬುವಿಕೆಯನ್ನು ಅಭ್ಯಸಿಸಲು ಅದನ್ನು ಬಳಸಿದ್ದಾರೆ.

ತಂತ್ರಾಂಶ ಮುಕ್ತವಾದರೂ ನಕ್ಷೆ ಮುಚ್ಚಿದ್ದರೆ ಏನು ಪ್ರಯೋಜನ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ನಕ್ಷೆ ತಯಾರಿಸಲು ಹಲವು ಅನುಮತಿಗಳು ಬೇಕಾಗಿದ್ದುವು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಈ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಅದಕ್ಕೂ ಮೊದಲೇ, 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಸ್ವಯಂಸೇವಕರು ನಮ್ಮ ಊರುಗಳ ಬೀದಿಗಳನ್ನೂ ಬರೆದಿಡತೊಡಗಿದ್ದರು. ಬೆಂಗಳೂರಿನ ರಸ್ತೆಗಳೇನೋ ಅದರಲ್ಲಿ ದಟ್ಟವಾಗಿವೆ. ಸಣ್ಣ ಊರುಗಳ ಓಣಿಗಳು ಎಲ್ಲ ಕಡೆಯೂ ಪೂರ್ತಿಯಾಗಿಲ್ಲ.

ನಮ್ಮ ಸಲಹೆಯಿಷ್ಟು. ಒಂದು ನಗರಸಭೆಯ ಮುಂದೆ ಗಣಕದ ಲೆಕ್ಕವನ್ನಿಟ್ಟು ರಸ್ತೆಯ ಯೋಜನೆಯನ್ನು ಸಮರ್ಥಿಸುವವರು, ಬಳಸಿದ ತಂತ್ರಾಂಶ ಯಾವುದು, ಅದರ ಎಷ್ಟನೆಯ ಆವೃತ್ತಿ, ನಕ್ಷೆ ಯಾವುದು, ಮೂರರಲ್ಲಿ ಯಾವ ಕಂಬಸಾಲನ್ನು ಆರಿಸಿಕೊಂಡರು, ನಕ್ಷೆಯ ಅಂಚನ್ನು ಎಲ್ಲಿ ಕತ್ತರಿಸಿದರು ಎಂಬುದನ್ನು ವರದಿಯಲ್ಲಿಯೇ ಬರೆಯಬೇಕು. ಮೂಲಲೇಖ ಓದಲು ದೊರೆಯದ ತಂತ್ರಾಂಶದ ಲೆಕ್ಕವನ್ನು ಸಭೆಯು ಸಾಕ್ಷ್ಯವೆಂದು ಎಣಿಸಕೂಡದು. ಕಾಲೇಜಿನ ವಿದ್ಯಾರ್ಥಿಗಳಿಂದಲೂ ಇದಕ್ಕೆ ನೆರವಾಗಬಹುದು. ಡೆಪ್ತ್‌ಮ್ಯಾಪ್‌ಎಕ್ಸ್ ಸಾಧಾರಣ ಗಣಕದಲ್ಲಿಯೇ ನಡೆಯುತ್ತದೆ. ನಿಮ್ಮ ಊರಿನ ನಕ್ಷೆಯಲ್ಲಿ ಬಿಟ್ಟುಹೋದ ಓಣಿಗಳನ್ನು ಮೊದಲು ನಡೆದು ನೋಡಿ ಸೇರಿಸಿ, ಅನಂತರ ಲೆಕ್ಕಹಾಕಿ. ಸಂತೆಯ ದಿನವನ್ನು ಬಿಟ್ಟು ಬೇರೊಂದು ದಿನ, ಕೆಂಪಾಗಿ ತೋರಿದ ಒಂದು ಬೀದಿಯಲ್ಲಿಯೂ ನೀಲಿಯಾಗಿ ತೋರಿದ ಒಂದು ಬೀದಿಯಲ್ಲಿಯೂ ಅರ್ಧ ಗಂಟೆ ನಿಂತು ಹಾದುಹೋಗುವವರನ್ನು ಎಣಿಸಿ. ಎಣಿಕೆ ಲೆಕ್ಕಕ್ಕೆ ಹೊಂದದಿದ್ದರೆ ಬೀದಿಯನ್ನು ದೂರದೆ ನಕ್ಷೆಯನ್ನು ಮತ್ತೊಮ್ಮೆ ನೋಡಿ; ನಕ್ಷೆಯೂ ಸರಿಯಾಗಿದ್ದರೆ ಮೂಲಲೇಖವನ್ನು ತೆರೆಯಿರಿ. ಸಿ++ ಬಲ್ಲ ಸ್ನೇಹಿತನೊಬ್ಬನು ಜೊತೆಗಿದ್ದರೆ ಕೆಲಸ ಬೇಗ ಆಗುವುದು.